ಕೀಳೋದು ಫ್ರೀ, ಉಳಿಸೋದಕ್ಕೆ ದುಡ್ಡು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ಇದ್ದವು. ಹಲ್ಲಿನ ಖರ್ಚು ಯಾರದು, ನಮ್ಮದಾ ಸರ್ಕಾರದ್ದಾ? ಹಾಗಾಗಿ ಬಾಯಿ ವಾಸನೆ, ಕ್ಲಿಪ್ಪು, ಹಾಲು ಹಲ್ಲು ಇವನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇದೊಂದನ್ನೇ ತೆಗೆದುಕೊಂಡಿದ್ದೇನೆ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಪ್ರೈಮರಿ ಶಾಲೆ ಮೇಷ್ಟ್ರು. ಯುಗಾದಿಗೆ ನಮ್ಮ ಭಾವನವರು ಬಂದಿದ್ದರು. ಊಟಕ್ಕೆ ಕೂತಾಗ ನನ್ನ ತಮ್ಮ ಒಂದೇ ಪಕ್ಕದಲ್ಲಿ ಅಗಿಯುವುದನ್ನು ನೋಡಿ ಮಾತು ಶುರುವಾಯಿತು. ಅವನ ದವಡೆ ಹಲ್ಲು ಹುಳುಕಾಗಿ ಆರು ತಿಂಗಳಾಯಿತು. ಖಾಸಗಿಯವರು ರೂಟ್ ಕೆನಾಲ್, ಕ್ಯಾಪ್ ಸೇರಿ ಆರೂವರೆ ಸಾವಿರ ಕೇಳಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೀಳುತ್ತೇವೆ ಅಂದಿದ್ದಾರೆ. ಇವನು ಎರಡೂ ಬೇಡ ಅಂತ ಲವಂಗ ಇಟ್ಟುಕೊಂಡು ತಿರುಗುತ್ತಿದ್ದಾನೆ. ಇಂಥದ್ದಕ್ಕೆ ಸರ್ಕಾರ ಬರಬೇಕಲ್ವಾ ಅಂದೆ. ಭಾವ ಒಪ್ಪಲಿಲ್ಲ. "ನಿನ್ನ ಹಲ್ಲು ನೀ ತಿಕ್ಕಬೇಕು, ಅದ್ರಾಗ ಸರ್ಕಾರದ್ದೇನೈತಿ? ಹಾರ್ಟು, ಕಿಡ್ನಿ ಅಂದ್ರ ಬ್ಯಾರೆ ಮಾತು" ಅಂದರು. ಇಂಗ್ಲೆಂಡಿನಲ್ಲಿ ಹಲ್ಲಿನ ಚಿಕಿತ್ಸೆ ಎಲ್ಲ ಫ್ರೀ ಅಂತೆ ಅಂದೆ, ಅದನ್ನೂ ನಂಬಲಿಲ್ಲ. ನೀವು ಹೇಳಿದ್ದನ್ನು ಇಬ್ಬರೂ ಕೇಳುತ್ತೇವೆ ಅಂತ ಮಾತಾಗಿದೆ. ಯಾರು ಸರಿ?
ಒಬ್ಬ ಶಿಕ್ಷಕರು, ಯಲಬುರ್ಗಾ ತಾಲ್ಲೂಕು

ಉತ್ತರ: ಮೇಷ್ಟ್ರೇ, ವಾದ ಆಮೇಲೆ, ಮೊದಲು ತಮ್ಮನ ಹಲ್ಲು. ಲವಂಗ ನೋವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ ಅಷ್ಟೇ, ಹುಳುಕು ಒಳಗೆ ಇಳಿಯುವುದು ನಿಲ್ಲುವುದಿಲ್ಲ. ನೋವು ತಾನಾಗೇ ಹೋಯಿತು ಅಂತ ಅವನು ಒಂದು ದಿನ ಖುಷಿಯಿಂದ ಹೇಳಿದರೆ ಇನ್ನೂ ಹುಷಾರಾಗಿರಿ. ಹಲ್ಲಿನ ಒಳಗಿನ ನರ ಸತ್ತಿರಬಹುದು, ಕೀವು ಬೇರಿನ ಕಡೆ ಹೊರಟಿರಬಹುದು. ಕೆನ್ನೆ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಂಥದ್ದೇನೂ ಇಲ್ಲದಿದ್ದರೆ ಬಿಡುವು ಮಾಡಿಕೊಂಡು ಬಳ್ಳಾರಿಗೆ ಹೋಗಲಿ. ಅಲ್ಲಿ ಸರ್ಕಾರಿ ಡೆಂಟಲ್ ಕಾಲೇಜಿದೆ. ರಾಯಚೂರಿನಲ್ಲಿ ಖಾಸಗಿ ಡೆಂಟಲ್ ಕಾಲೇಜುಗಳಿವೆ. ಕಾಲೇಜುಗಳಲ್ಲಿ ಕಲಿಯುವವರು ತಮ್ಮ ಗುರುಗಳ ಕಣ್ಣೆದುರಿಗೇ ಕೆಲಸ ಮಾಡುತ್ತಾರೆ. ಟೈಮ್ ಜಾಸ್ತಿ ಹಿಡಿಯುತ್ತದೆ, ಎರಡು ಮೂರು ಸಲ ಓಡಾಡಬೇಕು, ಆದರೆ ಖರ್ಚು ಕ್ಲಿನಿಕ್ಕಿಗಿಂತ ತುಂಬಾ ಕಡಿಮೆ.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. ಭಾವನವರ ಮಾತಿನಲ್ಲಿ ಅರ್ಧ ನಿಜ ಇದೆ. ರಾತ್ರಿ ಮಲಗುವ ಮುಂಚೆ ಹಲ್ಲು ತಿಕ್ಕಬೇಕು, ಅದನ್ನು ಯಾವ ಸರ್ಕಾರವೂ ಬಂದು ತಿಕ್ಕಿ ಹೋಗುವುದಿಲ್ಲ. ಮಗು ಅಳುತ್ತದೆ ಅಂತ ಬಿಸ್ಕೀಟು ಕೈಗೆ ಕೊಟ್ಟು ಮಲಗಿಸುವುದನ್ನು ತಾಯಂದಿರೇ ಬಿಡಬೇಕು. ಇದನ್ನು ನಾನು ದಿನಕ್ಕೆ ಹತ್ತು ಸಲ ಹೇಳುತ್ತೇನೆ.

ಆದರೆ ನಿಮ್ಮ ತಮ್ಮನ ಆ ದವಡೆ ಹಲ್ಲು ಎಷ್ಟನೇ ವಯಸ್ಸಿಗೆ ಬಂದಿತ್ತು ಅಂತ ಭಾವನವರನ್ನು ಕೇಳಿ ನೋಡಿ. ಹುಳುಕಾಗಿರುವುದು ನಾನು ಅಂದುಕೊಂಡ ಹಲ್ಲೇ ಆಗಿದ್ದರೆ, ಆರನೇ ವಯಸ್ಸಿಗೆ. ಆರು ವರ್ಷಕ್ಕೆ ಮಕ್ಕಳ ಬಾಯಲ್ಲಿ ಹಾಲು ಹಲ್ಲುಗಳ ಹಿಂದೆ ಒಂದೊಂದು ದೊಡ್ಡ ದವಡೆ ಹಲ್ಲು ಬರುತ್ತದೆ, ಮೇಲೆ ಎರಡು, ಕೆಳಗೆ ಎರಡು. ಯಾವ ಹಲ್ಲೂ ಬೀಳದೆ ಸುಮ್ನೆ ಬಂದುಬಿಡುವುದರಿಂದ ಮನೆಯವರು ಇದೂ ಹಾಲು ಹಲ್ಲೇ ಅಂದುಕೊಳ್ಳುತ್ತಾರೆ. ಹುಳುಕಾದರೂ ಬಿದ್ದು ಹೊಸದು ಬರುತ್ತದೆ ಬಿಡು ಅನ್ನುತ್ತಾರೆ. ಬರುವುದಿಲ್ಲ. ಜೀವನಪೂರ್ತಿ ರೊಟ್ಟಿ ಅಗಿಯಬೇಕಾದ ಹಲ್ಲು ಅದೇ. ಒಂಬತ್ತು ಹತ್ತು ವರ್ಷದ ಮಕ್ಕಳ ಬಾಯಲ್ಲಿ ಆ ಹಲ್ಲು ಪೂರಾ ತೂತಾಗಿರುವುದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ, ಮತ್ತು ಪ್ರತಿ ಸಲವೂ ಸಂಕಟವಾಗುತ್ತದೆ. ಯಾಕೆಂದರೆ ಏಳನೇ ವರ್ಷಕ್ಕೆ ಯಾರಾದರೂ ಟಾರ್ಚ್ ಹಾಕಿ ಬಾಯಿ ನೋಡಿದ್ದರೆ, ಸಣ್ಣ ಕಪ್ಪು ಚುಕ್ಕೆ ಇದ್ದಾಗಲೇ ಸಿಮೆಂಟ್ ಹಾಕಿಸಿದ್ದರೆ, ಅಲ್ಲಿಗೆ ಮುಗಿಯುತ್ತಿತ್ತು. ಅದಕ್ಕೆ ದೊಡ್ಡ ಕುರ್ಚಿ ಬೇಡ, ಕರೆಂಟ್ ಕೂಡ ಬೇಡ. ಕೈಯಲ್ಲೇ ಹುಳುಕು ಕೆರೆದು ತೆಗೆದು ತುಂಬುವ ವಿಧಾನ ಇದೆ. ತುಂಬುವ ಸಿಮೆಂಟು, ಹುಳುಕನ್ನು ಅಲ್ಲಿಗೇ ನಿಲ್ಲಿಸುವ ಒಂದು ಹನಿ ಔಷಧಿ, ಫ್ಲೋರೈಡ್ ಪೇಸ್ಟು, ಈ ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಆರು ವರ್ಷದ ಮಗು ತನ್ನ ಬಾಯಿ ತಾನೇ ನೋಡಿಕೊಳ್ಳಬೇಕಿತ್ತು ಅಂತ ಭಾವನವರೂ ಹೇಳಲಾರರು.

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ಕ್ಲಿನಿಕ್ ಹಾಕುವ ಮುಂಚೆ ನಾನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡಿದ್ದೆ. ಸಂತೆ ದಿನ ಬಂತೆಂದರೆ ಹೊರಗಡೆ ನಲವತ್ತು ಐವತ್ತು ಜನ. ಎಕ್ಸ್‌ರೇ ಮೆಷಿನ್ ಕೆಟ್ಟು ತಿಂಗಳುಗಟ್ಟಲೆ ಆಗಿರುತ್ತಿತ್ತು. ಸಿಮೆಂಟು ತಿಂಗಳ ಮಧ್ಯದಲ್ಲೇ ಮುಗಿಯುತ್ತಿತ್ತು. ಮರಗಟ್ಟಿಸುವ ಇಂಜೆಕ್ಷನ್ನು ಮತ್ತು ಇಕ್ಕಳ, ಇವೆರಡು ಮಾತ್ರ ಯಾವಾಗಲೂ ಇರುತ್ತಿದ್ದವು. ಕೂಲಿ ಬಿಟ್ಟು ಬಂದವರು, "ಮತ್ತ ಬರಾಕ ಆಗಂಗಿಲ್ರೀ ಡಾಕ್ಟ್ರಮ್ಮ, ಕಿತ್ತು ಬಿಡ್ರಿ" ಅನ್ನುತ್ತಿದ್ದರು. ನಾನು ಕಿತ್ತೆ. ಅದರಲ್ಲಿ ಎಷ್ಟೋ ಹಲ್ಲು ಉಳಿಸಬಹುದಾದ ಹಲ್ಲುಗಳು. ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿ ಮೂರು ವರ್ಷದಲ್ಲಿ ನಾಲ್ಕು ದವಡೆ ಹಲ್ಲು ಕೀಳಿಸಿಕೊಂಡು ಹೋದಳು, ನಾಲ್ಕನ್ನೂ ನನ್ನ ಕೈಯಿಂದಲೇ. ಅವಳ ಮುಖ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಸರ್ಕಾರ ಹಲ್ಲಿನ ಖರ್ಚು ಹೊರಬೇಕಾ ಅನ್ನುವುದಕ್ಕಿಂತ, ಈಗ ಹೊರುತ್ತಿರುವುದು ಯಾವ ಖರ್ಚು ಅಂತ ನೋಡಬೇಕು. ಕೀಳೋದು ಫ್ರೀ. ಉಳಿಸೋದಕ್ಕೆ ದುಡ್ಡು. ದುಡ್ಡಿದ್ದವರ ಹಲ್ಲು ಬಾಯಲ್ಲಿರುತ್ತದೆ, ಇಲ್ಲದವರ ಹಲ್ಲು ಆಸ್ಪತ್ರೆಯ ಟ್ರೇಯಲ್ಲಿರುತ್ತದೆ. 2025ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನಿಮ್ಮ ತಮ್ಮನಿಗೆ ಕೇಳಿದ ಆರೂವರೆ ಸಾವಿರ ಅಂದರೆ ಸುಮಾರು ಹದಿನೆಂಟು ದಿನದ ಕೂಲಿ, ಒಂದೇ ಒಂದು ಹಲ್ಲಿಗೆ.

ಹೆಲ್ತ್ ಕಾರ್ಡ್ ಇದೆಯಲ್ಲ ಅಂತ ಕೆಲವರು ಬರೆದಿದ್ದಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ನಿಜ. ಆದರೆ ಅದು ಆಸ್ಪತ್ರೆಯಲ್ಲಿ ಮಲಗಬೇಕಾದ ದೊಡ್ಡ ಕಾಯಿಲೆಗಳಿಗೆ. ಗಾಡಿಯಿಂದ ಬಿದ್ದು ದವಡೆ ಮುರಿದರೆ ಕಾರ್ಡು ಕೆಲಸಕ್ಕೆ ಬರುತ್ತದೆ, ದವಡೆ ಹಲ್ಲು ಹುಳುಕಾದರೆ ಬರುವುದಿಲ್ಲ. ದುಡ್ಡು ಕಟ್ಟಿ ಮಾಡಿಸುವ ಖಾಸಗಿ ಇನ್ಶೂರೆನ್ಸುಗಳಲ್ಲೂ ಸಾಮಾನ್ಯವಾಗಿ ಇದೇ ಕಥೆ. ಇನ್ನೊಂದು ನೋಡಿ, ಹಲ್ಲು ತಿಕ್ಕುವುದು ನಿಮ್ಮ ಕೆಲಸ ಅನ್ನುವ ಸರ್ಕಾರವೇ ಟೂತ್‌ಪೇಸ್ಟಿನ ಮೇಲೆ ಶೇಕಡಾ 18 ಜಿಎಸ್‌ಟಿ ಹಾಕುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು 5ಕ್ಕೆ ಇಳಿದಿದೆ. ಇಳಿಸಿದ್ದು ಒಳ್ಳೆಯದಾಯಿತು, ಇನ್ನೂ ಮುಂಚೆಯೇ ಆಗಬೇಕಿತ್ತು.

ಇಂಗ್ಲೆಂಡಿನ ವಿಷಯದಲ್ಲಿ ಭಾವನವರ ಅನುಮಾನ ಸರಿ. ಅಲ್ಲಿ 1948ರ ಜುಲೈ 5ಕ್ಕೆ ಆರೋಗ್ಯ ಸೇವೆ ಶುರುವಾದಾಗ ಹಲ್ಲಿನ ಚಿಕಿತ್ಸೆಯೂ ಪೂರಾ ಫ್ರೀ ಇತ್ತು. ಜನ ಎಷ್ಟು ವರ್ಷದಿಂದ ನೋವು ನುಂಗಿಕೊಂಡಿದ್ದರೋ ಏನೋ, ಹಲ್ಲಿನ ಸೆಟ್ಟಿಗೆ ಮುಗಿಬಿದ್ದರು. ಖರ್ಚು ತಡೆಯಲಾಗದೆ 1951ರಲ್ಲಿ ಸೆಟ್ಟಿಗೆ, ಕನ್ನಡಕಕ್ಕೆ ದುಡ್ಡು ತೆಗೆದುಕೊಳ್ಳಲು ಶುರು ಮಾಡಿದರು. ಆ ಸೇವೆಯನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ಅದೇ ಕಾರಣಕ್ಕೆ ರಾಜೀನಾಮೆ ಕೊಟ್ಟರು. ಈಗ ಅಲ್ಲಿ ದೊಡ್ಡವರಲ್ಲಿ ಹೆಚ್ಚಿನವರು ಒಂದು ಪಾಲು ಕೊಡುತ್ತಾರೆ. ಆದರೆ 18 ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಇವತ್ತಿಗೂ ಫ್ರೀ. ದುಡ್ಡು ಸಾಲದೆ ಬಂದಾಗಲೂ ಮಕ್ಕಳನ್ನು ಕೈಬಿಡಲಿಲ್ಲ, ನನಗೆ ಮುಖ್ಯ ಅನಿಸುವುದು ಅದು.

ನನ್ನನ್ನು ಕೇಳಿದರೆ ಹದಿನೆಂಟರೊಳಗಿನ ಎಲ್ಲಾ ಮಕ್ಕಳ ಹಲ್ಲು ಸರ್ಕಾರದ್ದು, ಬಡವರು ಶ್ರೀಮಂತರು ಅಂತ ನೋಡದೆ. ದೊಡ್ಡವರಲ್ಲಿ ನೋವು, ಕೀವು, ಫಿಲ್ಲಿಂಗ್, ದವಡೆ ಹಲ್ಲಿನ ರೂಟ್ ಕೆನಾಲ್, ಇಷ್ಟು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗಲೇಬೇಕು. ಹಲ್ಲು ಬೆಳ್ಳಗೆ ಮಾಡಿಸುವುದು, ಇಂಪ್ಲಾಂಟ್ ಹಾಕಿಸುವುದು, ಮದುವೆಗೆ ಮುಂಚೆ ಹಲ್ಲು ಚಂದ ಮಾಡಿಸುವುದು ಅವರವರ ದುಡ್ಡಿನಲ್ಲಿ ಆಗಲಿ.

ಮತ್ತೆ ನೀವು ಮೇಷ್ಟ್ರು ಅಂದಿರಿ, ಹಾಗಾಗಿ ಒಂದು ಕೆಲಸ ಹಚ್ಚುತ್ತೇನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆ. ಡಾಕ್ಟರುಗಳ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕು, ನೋಡಬೇಕಾದ್ದರಲ್ಲಿ ಹಲ್ಲೂ ಇದೆ. ಅವರು ಬಂದಾಗ ತೂಕ, ಎತ್ತರ ಮಾತ್ರ ಬರೆದುಕೊಂಡು ಹೋಗಲು ಬಿಡಬೇಡಿ. ಬಾಯಿ ತೆರೆಸಿ ನೋಡಿ ಅನ್ನಿ. ಒಂದನೇ, ಎರಡನೇ ಕ್ಲಾಸಿನ ಮಕ್ಕಳ ಆ ಹಿಂದಿನ ದವಡೆ ಹಲ್ಲನ್ನು ತೋರಿಸಿ ನೋಡಿ ಅನ್ನಿ. ಯಾರಿಗೆ ಹುಳುಕು ಇದೆಯೋ ಅವರ ಹೆಸರು ಬರೆಸಿ, ಆ ಮಕ್ಕಳು ಆಸ್ಪತ್ರೆಗೆ ಹೋದರಾ ಇಲ್ವಾ ಅಂತ ಒಂದು ತಿಂಗಳಾದ ಮೇಲೆ ನೀವೇ ಅವರ ಮನೆಯವರನ್ನು ಕೇಳಿ. ಆ ಕೊಂಡಿ ತಪ್ಪಿದರೆ ಚೀಟಿ ಬರೆದದ್ದೆಲ್ಲ ವ್ಯರ್ಥ.

ಪ್ರಶ್ನೆ: ಡಾಕ್ಟ್ರಮ್ಮ, ನನ್ನ ಮಗಳಿಗೆ ಹತ್ತೊಂಬತ್ತು. ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ ಇವೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಇದ್ದಿಲು, ಉಪ್ಪು, ನಿಂಬೆಹಣ್ಣು ಎಲ್ಲಾ ಆಯಿತು. ನಗುವಾಗ ಸೆರಗು ಅಡ್ಡ ಹಿಡಿಯುತ್ತಾಳೆ. ನೋಡಲು ಬಂದ ಗಂಡಿನ ಕಡೆಯವರು ಹಲ್ಲಿನ ಮಾತೆತ್ತಿ ಹೋದರು. ಅವಳು ಸಣ್ಣವಳಿದ್ದಾಗ ನೀನು ತಿಕ್ಕಿಸಲಿಲ್ಲ ಅಂತ ನಮ್ಮ ಅತ್ತೆ ನನಗೇ ಬೈಯುತ್ತಾರೆ. ನಮ್ಮೂರಲ್ಲಿ ಇಂಥ ಹಲ್ಲು ಬಹಳ ಮಕ್ಕಳಿಗೆ ಇದೆ. ಇದು ನನ್ನ ತಪ್ಪಾ?
ಒಬ್ಬ ತಾಯಿ, ಲಿಂಗಸುಗೂರು ತಾಲ್ಲೂಕು

ಉತ್ತರ: ಅಕ್ಕಾ, ನಿಮ್ಮ ತಪ್ಪಲ್ಲ. ಮಗಳ ತಪ್ಪಂತೂ ಅಲ್ಲವೇ ಅಲ್ಲ. ಈ ಮಾತನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಿ.

ನೀವು ಬರೆದ ರೀತಿ ನೋಡಿದರೆ, ಅದೂ ಊರಿನಲ್ಲಿ ಬಹಳ ಮಕ್ಕಳಿಗೆ ಇದೆ ಅಂದಮೇಲೆ, ಇದು ನೀರಿನಿಂದ ಬಂದದ್ದೇ ಇರಬೇಕು. ಫ್ಲೋರೋಸಿಸ್ ಅನ್ನುತ್ತೇವೆ. ನಮ್ಮ ನೆಲದ ಕೆಳಗಿರುವುದು ಗಟ್ಟಿ ಕಲ್ಲು. ಆ ಕಲ್ಲಿನಲ್ಲಿರುವ ಫ್ಲೋರೈಡ್ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಇಳಿಯುತ್ತದೆ, ಬೋರು ಆಳಕ್ಕೆ ಹೋದಂತೆ ಹೆಚ್ಚುವ ಸಾಧ್ಯತೆ ಜಾಸ್ತಿ. ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಇದು ಹಳೇ ತೊಂದರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಪರವಾಗಿಲ್ಲ ಅಂತ ನಮ್ಮ ದೇಶದ ಅಳತೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಮಗು ಹುಟ್ಟಿದಾಗಿನಿಂದ ಏಳೆಂಟು ವರ್ಷದವರೆಗೆ ಕುಡಿದರೆ, ವಸಡಿನ ಒಳಗೆ ತಯಾರಾಗುತ್ತಿರುವ ಹಲ್ಲಿನ ಮೇಲ್ಪದರ ಸರಿಯಾಗಿ ಕೂಡುವುದಿಲ್ಲ. ಅಂದರೆ ಆ ಹಲ್ಲು ಹೊರಗೆ ಕಾಣುವ ಮುಂಚೆಯೇ ಕೆಟ್ಟಿತ್ತು. ತಿಕ್ಕುವ ಮಾತೇ ಅಲ್ಲಿ ಬರುವುದಿಲ್ಲ. ತುಂಗಭದ್ರೆಯ ನೀರು ಕುಡಿದು ಬೆಳೆದ ಊರಿನ ಮಕ್ಕಳಿಗೂ ಬೋರಿನ ನೀರು ಕುಡಿದ ಊರಿನ ಮಕ್ಕಳಿಗೂ ಇರುವ ವ್ಯತ್ಯಾಸ ಬಾಯಿ ತೆರೆದರೆ ಸಾಕು, ನಮಗೆ ಗೊತ್ತಾಗುತ್ತದೆ.

ಇದ್ದಿಲು, ನಿಂಬೆಹಣ್ಣು ಇವತ್ತೇ ನಿಲ್ಲಿಸಿ. ಕಲೆ ಹೋಗುವುದಿಲ್ಲ, ಇರುವ ಪದರವೂ ಸವೆಯುತ್ತದೆ, ಆಮೇಲೆ ಜುಮ್ ಅನ್ನಲು ಶುರುವಾಗುತ್ತದೆ. ಕಲೆ ತೆಳುವಾಗಿದ್ದರೆ ಮೇಲ್ಪದರವನ್ನು ಸ್ವಲ್ಪ ಉಜ್ಜಿ ಪಾಲಿಶ್ ಮಾಡಿ ಕಡಿಮೆ ಮಾಡಬಹುದು. ಆಳವಾಗಿದ್ದರೆ ಹಲ್ಲಿನ ಬಣ್ಣದ ಸಿಮೆಂಟನ್ನು ಮುಂದಿನ ಹಲ್ಲುಗಳ ಮೇಲೆ ತೆಳ್ಳಗೆ ಕೂರಿಸುತ್ತಾರೆ. ಡೆಂಟಲ್ ಕಾಲೇಜಿಗೆ ಒಮ್ಮೆ ತೋರಿಸಿ. ಎಲ್ಲಾ ಹಲ್ಲಿಗೂ ದುಬಾರಿ ಕ್ಯಾಪ್ ಹಾಕಿಸಿ ಅಂತ ಯಾರಾದರೂ ಮೊದಲ ದಿನವೇ ಹೇಳಿದರೆ ಒಪ್ಪಬೇಡಿ, ಇನ್ನೊಬ್ಬ ಡಾಕ್ಟರನ್ನೂ ಕೇಳಿ.

ಮೇಲಿನ ಮೇಷ್ಟ್ರ ಪತ್ರಕ್ಕೆ ಉತ್ತರ ಬರೆಯುವಾಗ ಖರ್ಚನ್ನು ಅವರಿಗಿಷ್ಟು ಇವರಿಗಿಷ್ಟು ಅಂತ ಹಂಚಿದ್ದೆ. ನಿಮ್ಮ ಪತ್ರದಲ್ಲಿ ಹಂಚುವುದಕ್ಕೆ ಏನೂ ಇಲ್ಲ. ಊರಿಗೆ ನೀರು ಕೊಟ್ಟಿದ್ದು ಯಾರು? ಬೋರು ಕೊರೆಸಿ ಟ್ಯಾಂಕ್ ಕಟ್ಟಿಸಿದ್ದು ಯಾರು? ಆ ನೀರಿನಿಂದ ಕೆಟ್ಟ ಹಲ್ಲನ್ನು ಸರಿ ಮಾಡಿಸುವ ಪೂರ್ತಿ ಹೊಣೆ ಸರ್ಕಾರದ್ದೇ. ಫ್ಲೋರೋಸಿಸ್ ತಡೆಗೆ ಕೇಂದ್ರದ ಕಾರ್ಯಕ್ರಮ 2008-09ರಿಂದ ಇದೆ. ನಿಮ್ಮ ಮಗಳು ಹಾಲು ಹಲ್ಲಿನ ವಯಸ್ಸಿನಲ್ಲಿದ್ದಾಗಲೇ ಈ ತೊಂದರೆ ಎಲ್ಲರಿಗೂ ಗೊತ್ತಿತ್ತು ಅನ್ನುವುದು ನನಗೆ ಬಹಳ ಸಿಟ್ಟು ತರಿಸುತ್ತದೆ.

ಮನೆಯಲ್ಲಿ ಇನ್ನೂ ಸಣ್ಣ ಮಕ್ಕಳಿದ್ದರೆ ಇದು ಮುಖ್ಯ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನೂ ದಟ್ಟವಾಗುತ್ತದೆ. ಅಡುಗೆಗೂ ಕುಡಿಯುವುದಕ್ಕೂ ಶುದ್ಧ ನೀರಿನ ಘಟಕದ ನೀರು, ಇಲ್ಲವೇ ಮಳೆ ನೀರು, ಹೊಳೆ ನೀರಿನ ನಲ್ಲಿ ಇದ್ದರೆ ಅದು. ಘಟಕ ಕೆಟ್ಟು ನಿಂತಿದ್ದರೆ ಪಂಚಾಯ್ತಿಗೆ ನಾಲ್ಕು ಜನ ಹೆಣ್ಣುಮಕ್ಕಳು ಸೇರಿ ಹೋಗಿ, ಅರ್ಜಿ ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಜಲ ಜೀವನ್ ಮಿಷನ್ ಅಡಿ ನೀರು ಪರೀಕ್ಷೆ ಮಾಡುವ ಕಿಟ್ ಹಳ್ಳಿಗೆ ಕೊಡಬೇಕು, ಊರಿನ ಹೆಣ್ಣುಮಕ್ಕಳಿಗೇ ಅದರ ತರಬೇತಿ ಕೊಡಬೇಕು. ನಮ್ಮೂರ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಬರೆದು ಕೊಡಿ ಅಂತ ಕೇಳಿ.

ಆ ಗಂಡಿನ ಕಡೆಯವರ ಬಗ್ಗೆ ಒಂದೇ ಮಾತು. ಇದು ಅಂಟುವ ಕಾಯಿಲೆ ಅಲ್ಲ, ಹುಟ್ಟುವ ಮಕ್ಕಳಿಗೆ ರಕ್ತದಲ್ಲಿ ಹೋಗುವುದೂ ಇಲ್ಲ. ಮಗಳಿಗೆ ಸೆರಗು ತೆಗೆದು ನಗು ಅಂತ ಹೇಳಿ.

ಪ್ರಶ್ನೆ: ಗುಟ್ಕಾ ತಿಂದು ಬಾಯಿ ಹಾಳು ಮಾಡಿಕೊಂಡವರಿಗೆ ನಮ್ಮ ತೆರಿಗೆ ದುಡ್ಡಿನಲ್ಲಿ ಯಾಕೆ ಚಿಕಿತ್ಸೆ ಕೊಡಬೇಕು?
ಒಬ್ಬ ಓದುಗ, ಬಳ್ಳಾರಿ

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನನ್ನ ಮುಂದೆ ಕೂರುವ ಲಾರಿ ಡ್ರೈವರುಗಳನ್ನು, ಹಮಾಲರನ್ನು ಯಾವಾಗ ಶುರು ಮಾಡಿದಿರಿ ಅಂತ ಕೇಳಿದರೆ ಹದಿಮೂರು, ಹದಿನಾಲ್ಕು ಅನ್ನುತ್ತಾರೆ. ಶಾಲೆಯಿಂದ 100 ಗಜದ ಒಳಗೆ ತಂಬಾಕು ಮಾರಬಾರದು ಅಂತ 2003ರ ಕಾಯ್ದೆ ಇದೆ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಗಿದೆ. ಆದರೂ ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ, ಅಂಗಡಿ ಮುಂದೆ ಜೋಡಿಯಾಗಿ ನೇತಾಡುತ್ತವೆ. ಮಾರಲು ಬಿಟ್ಟು ತಿಂದವನನ್ನು ಮಾತ್ರ ಹಿಡಿಯುವುದು ನ್ಯಾಯ ಅಲ್ಲ. ಲೆಕ್ಕದ ದೃಷ್ಟಿಯಿಂದ ನೋಡಿದರೂ, ಬಾಯಿ ಹುಣ್ಣು ಸಣ್ಣದಿದ್ದಾಗ ನೋಡುವುದಕ್ಕೂ ಕ್ಯಾನ್ಸರ್ ಆದಮೇಲೆ ದವಡೆ ತೆಗೆಯುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ.

ಇದನ್ನು ಓದುವವರಲ್ಲಿ ತಿನ್ನುವವರೂ ಇರುತ್ತೀರಿ. ನಿಮ್ಮದೇ ಮೂರು ಬೆರಳನ್ನು ಒಂದರ ಕೆಳಗೆ ಒಂದು ಇಟ್ಟು ನಿಮ್ಮ ಬಾಯಿಯೊಳಗೆ ಹಿಡಿಯಿರಿ. ಹಿಡಿಸದಿದ್ದರೆ, ಖಾರ ತಾಗಿದರೆ ಬಾಯಿ ಉರಿಯುತ್ತಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರಕ್ಕೂ ವಾಸಿಯಾಗದ ಹುಣ್ಣಿದ್ದರೆ ತಡ ಮಾಡಬೇಡಿ. ಬಿಡಬೇಕು ಅನಿಸಿದರೆ 1800 112 356ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಪ್ರಶ್ನೆ: ನಮ್ಮವ್ವನಿಗೆ ಅರವತ್ತೆಂಟು. ಒಂದೂ ಹಲ್ಲಿಲ್ಲ. ರೊಟ್ಟಿ ತಿನ್ನಬೇಕು ಅಂತ ಆಸೆ, ದಿನಾ ಗಂಜಿ, ಅನ್ನ ಸಾರು. ಸಂತೆಯಲ್ಲಿ ಒಬ್ಬ ಕೂತಲ್ಲೇ ಹಲ್ಲು ಕಟ್ಟಿಕೊಡುತ್ತಾನಂತೆ. ಸರ್ಕಾರದಿಂದಲೂ ಫ್ರೀ ಸೆಟ್ ಕೊಡುತ್ತಾರೆ ಅಂತ ಕೇಳಿದೆ, ನಿಜಾನಾ?
ಓದುಗ, ಸಿಂಧನೂರು

ಉತ್ತರ: ಸಂತೆಯವನ ಹತ್ತಿರ ಬೇಡ. ಅಳತೆ ಇಲ್ಲದ ಹಲ್ಲು ವಸಡನ್ನು ಕೊರೆದು ಹುಣ್ಣು ಮಾಡುತ್ತದೆ, ಮತ್ತೆ ಅವನು ಮುಂದಿನ ಸಂತೆಗೆ ಸಿಗುವುದಿಲ್ಲ.

ಸರ್ಕಾರದ್ದು ನಿಜ. ದಂತ ಭಾಗ್ಯ ಅಂತ ಹೆಸರು, ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪೂರ್ತಿ ಸೆಟ್ಟು ಉಚಿತ, ಡೆಂಟಲ್ ಕಾಲೇಜುಗಳ ಮೂಲಕ ಮಾಡಿಸಿಕೊಡುವ ಯೋಜನೆ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರ ಹತ್ತಿರ ರೇಷನ್ ಕಾರ್ಡು, ಆಧಾರ್ ತೆಗೆದುಕೊಂಡು ಹೋಗಿ, ಈಗ ಯಾವ ಕಾಲೇಜಿನಲ್ಲಿ ಮಾಡುತ್ತಿದ್ದಾರೆ ಅಂತ ಕೇಳಿ. ಯೋಜನೆ ಒಳ್ಳೆಯದು. ಒಂದು ದೂರು ಮಾತ್ರ ಇದೆ. ಸೆಟ್ಟು ಒಂದೇ ದಿನಕ್ಕೆ ಆಗುವುದಿಲ್ಲ. ಅಚ್ಚು ತೆಗೆಯಬೇಕು, ಮೇಲಿನ ಕೆಳಗಿನ ದವಡೆ ಕೂಡುವುದನ್ನು ಅಳೆಯಬೇಕು, ಮೇಣದಲ್ಲಿ ಹಾಕಿ ನೋಡಬೇಕು, ಆಮೇಲೆ ಕೊಟ್ಟ ಮೇಲೂ ತಿದ್ದಿಸಬೇಕು. ನಾಲ್ಕೈದು ಸಲ ಹೋಗಿ ಬರಬೇಕು. ಅರವತ್ತೆಂಟರ ಅವ್ವನಿಗೆ ಹೆಂಗಸರ ಬಸ್ಸು ಫ್ರೀ ಇರಬಹುದು, ಜೊತೆಗೆ ಬರುವ ಮಗನ ಟಿಕೆಟ್ಟು ಮತ್ತು ಕಳೆದುಹೋಗುವ ಕೂಲಿ ಯಾರು ಕೊಡುತ್ತಾರೆ? ಅಳತೆ ತೆಗೆಯುವ ಕೆಲಸವಾದರೂ ತಾಲ್ಲೂಕಿನಲ್ಲೇ ಆದರೆ ಎಷ್ಟೋ ಜನ ಅರ್ಧಕ್ಕೆ ಬಿಡುವುದು ತಪ್ಪುತ್ತದೆ.

ಸೆಟ್ಟು ಸಿಕ್ಕ ದಿನವೇ ಅವ್ವ ಖಡಕ್ ರೊಟ್ಟಿ ಮುರಿಯಲು ಹೋಗದಿರಲಿ. ಮೊದಲ ಎರಡು ಮೂರು ವಾರ ಮೆತ್ತಗಿನ ಊಟ, ಆಮೇಲೆ ಬಿಸಿ ರೊಟ್ಟಿಯನ್ನು ಸಣ್ಣ ತುಂಡು ಮಾಡಿ ಬೇಳೆಯಲ್ಲಿ ನೆನೆಸಿ, ಎರಡೂ ಕಡೆ ಸಮ ಅಗಿಯಬೇಕು. ಎಲ್ಲಾದರೂ ಒತ್ತಿ ನೋವಾದರೆ ಮನೆಯಲ್ಲಿ ಚಾಕುವಿನಿಂದ ಕೆರೆಯಬೇಡಿ, ಮಾಡಿಕೊಟ್ಟ ಕಡೆಗೇ ಹೋಗಿ. ರಾತ್ರಿ ತೆಗೆದು ಬ್ರಷ್‌ನಿಂದ ತೊಳೆದು ತಣ್ಣೀರಿನ ಬಟ್ಟಲಲ್ಲಿ ಇಡಬೇಕು. ಬಿಸಿ ನೀರು ಹಾಕಿದರೆ ಸೊಟ್ಟಗಾಗುತ್ತದೆ.